ಟವಲಿನ ಅಡಿಯ ಸೌದಾ

ಹತ್ತಿಕಾಳಿನ ವಾಸನೆ ಗೋಡೆ ಬಿಟ್ಟು ಸುಲಭವಾಗಿ ಹೋಗುವುದಿಲ್ಲ. ಕಳೆದ ತಿಂಗಳು ಬೈಲಹೊಂಗಲದಲ್ಲಿ ಹೊಸದೊಂದು ಕಚೇರಿ ತೆರೆಯಿತು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಹತ್ತಿ, ಅರಿಷಿಣ, ಬಂಗಾರದ ದರ ಓಡುವ ಪರದೆ. ಮುಂದೆ ಬರಲಿರುವ ಮಾಲಿಗೆ ಇಂದೇ ದರ ಕಟ್ಟಿ ಕೊಳ್ಳುವ, ಮಾರುವ ವ್ಯವಹಾರ. ನಮ್ಮ ಕಡೆ ಇದಕ್ಕೆ ವಾಯಿದಾ ಎನ್ನುತ್ತಾರೆ. ಕಟ್ಟಡ ಮಾತ್ರ ಹಳೆಯ ಹತ್ತಿ ಗೋದಾಮು. ಎರಡೆರಡು ಸಲ ಬಣ್ಣ ಬಳಿಸಿದ್ದೇವೆ ಎಂದ ಮಾಲೀಕ ಯುವಕ. ಆದರೂ ಒಳಗೆ ಕಾಲಿಟ್ಟೊಡನೆ ಎಣ್ಣೆಗಟ್ಟಿದ, ತುಸು ಹುಳಿಯಾದ ಆ ವಾಸನೆ ಮೂಗಿಗೆ ಬಂತು… ಅದರ ಬೆನ್ನಿಗೇ ದಲಾಲ ಕಾಕಾ ನೆನಪಾದರು.

ಯುವಕ ನನ್ನನ್ನು ಕರೆಸಿದ್ದು ಸಂಸ್ಥೆಯ ಪುಸ್ತಿಕೆಗೆ ಒಂದು ಪುಟ ಇತಿಹಾಸ ಬರೆಸಲು. ಅವನ ಕುರ್ಚಿಯ ಹಿಂದೆ, ಗಂಧದ ಹಾರ ಹಾಕಿದ ಅವನ ಅಜ್ಜನ ಫೋಟೋ ಇತ್ತು. ಹತ್ತಿಯಿಂದ ಕಾಳು ಬಿಡಿಸುವ ಗಿರಣಿ ಅವರದು, ಊರು ಅವರನ್ನು ಜಿನ್ನಿಂಗ್ ಮಿಲ್ಲಿನ ಸಾವಕಾರರೆಂದು ಕರೆಯುತ್ತಿತ್ತು. ಅವರನ್ನೂ ನಾನು ಬಲ್ಲೆ.

ಎಪ್ಪತ್ತರ ದಶಕದಲ್ಲಿ ನಾನು ಒಂದು ದಿನಪತ್ರಿಕೆಗೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸುದ್ದಿ ಕಳಿಸುತ್ತಿದ್ದೆ. ಬೇರೆ ಸುದ್ದಿ ಇರಲಿ ಬಿಡಲಿ, ಪೇಟೆ ಧಾರಣೆ ಮಾತ್ರ ದಿನವೂ ಹೋಗಲೇಬೇಕಿತ್ತು. ನಾನು ಬಾಡಿಗೆಗಿದ್ದ ಕೋಣೆ ಕಾಕಾರ ಅಂಗಡಿಯ ಮಾಳಿಗೆಯ ಮೇಲಿತ್ತು. ಅವರು ಹತ್ತಿ ದಲಾಲರು, ಊರಿಗೆಲ್ಲ ಕಾಕಾ.

ಆ ಅಂಗಡಿ ಅವರ ತಂದೆ ಹಾಕಿದ್ದು. ಆಗ ಹತ್ತಿಯ ವಾಯಿದಾ ಬಹಿರಂಗ ವ್ಯಾಪಾರ. ಮುಂಬಯಿಯಿಂದ ತಾರು ಬಂದೊಡನೆ ದರವನ್ನು ಕರಿ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರಂತೆ, ನೋಡಲು ಬೀದಿ ತುಂಬುತ್ತಿತ್ತಂತೆ. ಗಿಡದಲ್ಲಿ ಕಾಯಿ ಒಡೆಯುವ ಮೊದಲೇ ದರ ಕಟ್ಟುವುದು, ಗೊತ್ತುಮಾಡಿದ ದಿನಕ್ಕೆ ಮಾಲು ಮುಟ್ಟಿಸುವುದು. ಹೂಲಿಯಂಥ ಹಳ್ಳಿಯ ರೈತನಿಗೆ ದರ ಕುಸಿಯುವ ಅಂಜಿಕೆ ತಪ್ಪುತ್ತಿತ್ತು, ಗಿರಣಿಯವನಿಗೆ ದರ ಏರುವ ಅಂಜಿಕೆ. ಹತ್ತಿಯನ್ನೇ ಮುಟ್ಟದವರು ನಡುವೆ ನುಗ್ಗಿ ಜೂಜಾಡುತ್ತಿದ್ದರು, ಅದೂ ನಿಜ. ಅರವತ್ತರ ದಶಕದಲ್ಲಿ, ಜೂಜಿನಿಂದ ದರ ಏರುತ್ತದೆಂದು ಸರಕಾರ ಎಲ್ಲವನ್ನೂ ನಿಲ್ಲಿಸಿತು. ಸರಕಾರ ಕೊಟ್ಟ ಕಾರಣ ಪೂರಾ ಸುಳ್ಳಲ್ಲವೆಂದು ಕಾಕಾ ಕೂಡ ಒಪ್ಪುತ್ತಿದ್ದರು. ಕರಿ ಹಲಗೆ ಅಟ್ಟ ಸೇರಿತು. ವ್ಯಾಪಾರ ಟವಲಿನ ಅಡಿ ಸೇರಿತು.

ಟವಲಿನ ಅಡಿ ಕೈ ಹಿಡಿದು ದರ ಮಾತಾಡುವುದು ಹೊಸದೇನಲ್ಲ, ದನದ ಪೇಟೆಯಲ್ಲಿ ಎಲ್ಲರೂ ಕಂಡದ್ದೇ. ಬೆರಳು ಹಿಡಿದರೆ ಒಂದು ಅಂಕಿ, ಅಂಗೈ ಒತ್ತಿದರೆ ಇನ್ನೊಂದು. ಕಾಕಾರ ಪದ್ಧತಿ ಅದಕ್ಕಿಂತ ಬಿಗಿ. ಕೊಳ್ಳುವವನೂ ಮಾರುವವನೂ ಒಬ್ಬರ ಕೈ ಒಬ್ಬರು ಹಿಡಿಯುತ್ತಿರಲಿಲ್ಲ. ಬೆಳಿಗ್ಗೆ ಒಬ್ಬನ ಕೈ, ಮಧ್ಯಾಹ್ನ ಮತ್ತೊಬ್ಬನದು. ನಡುವೆ ಕಾಕಾ ಮಾತ್ರ. ಕಾಗದ ಇಲ್ಲ. ಯಾರು ಯಾರೊಡನೆ ಸೌದಾ ಮಾಡಿದರೆಂದು ಹೊರಗಿನವರು ಕೇಳಿದರೆ ಉತ್ತರ ಒಂದೇ: ಇಲ್ಲ. ಅದು ಕಾಯ್ದೆಗೆ ಹೆದರಿ ಕಲಿತದ್ದಲ್ಲ, ತಂದೆಯ ಕಾಲದಿಂದ ಬಂದ ನಿಯಮ.

ನನಗೂ ಅದೇ ಉತ್ತರ. “ಏನ್ರಿ ಪೇಪರಿನವರ, ಧಾರಣಿ ಬರಕೋರಿ, ಹೆಸರ ಮಾತ್ರ ಕೇಳಬ್ಯಾಡ್ರಿ” ಎಂದು ನಗುತ್ತಿದ್ದರು. ಒಳಗಿನಿಂದ ಅವರ ಹೆಂಡತಿ, ನಾವು ಕಾಕು ಎನ್ನುತ್ತಿದ್ದೆವು, ಕಾಲೆಳೆಯದೆ ಬಿಡುತ್ತಿರಲಿಲ್ಲ.

“ನಿಮ್ಮ ಕಾಕಾ ನನ್ನ ಕೈ ಹಿಡಿದದ್ದು ಒಂದ ಸಲ ನೋಡ್ರಿ, ಲಗ್ನದಾಗ. ಅಲ್ಲಿಂದ ಬರೇ ಗಂಡಸರ ಕೈ ಹಿಡಿಯೂದ ಆತು.”

“ನಿನ್ನ ಸೌದಾ ಅವತ್ತ ಮುಗದೈತಿ ಬಿಡ” ಎನ್ನುತ್ತಿದ್ದರು ಕಾಕಾ.

ಆಮೇಲೆ ಒಂದು ವರ್ಷ, ದಲಾಲರೆಲ್ಲ ಹೊಸ ಪೇಟೆ ಅಂಗಳಕ್ಕೆ ಬರಬೇಕು, ಪರವಾನಗಿ ಹೊಸದಾಗಿ ಪಡೆಯಬೇಕು ಎಂದಾಯಿತು. ಅಲ್ಲಿ ಎಲ್ಲರೆದುರು ಕೂಗಿ ಲಿಲಾವು, ಅಂದರೆ ಹರಾಜು. ಪರವಾನಗಿ ಸಿಗದವರು ಹತ್ತಿ ಮುಟ್ಟುವಂತಿಲ್ಲ. ಕಾಕಾ ತಯಾರಿದ್ದರು. ನವಿಲುತೀರ್ಥ ಅಣೆಕಟ್ಟಿನ ನೀರು ಹೊಲಗಳಿಗೆ ಹರಿಯತೊಡಗಿತ್ತು, ಹತ್ತಿ ಹೆಚ್ಚುತ್ತದೆ, ವಾಯಿದಾ ಇಲ್ಲದೆಯೂ ಅಂಗಡಿ ನಡೆಯುತ್ತದೆ ಎಂಬ ಲೆಕ್ಕ. “ಕೂಗೂದ ಏನ ದೊಡ್ಡದ್ರಿ, ಕಲೀತೇನಿ” ಎಂದು ಮುಂಜಾನೆ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ತಂದೆಯ ಅಂಗಡಿ ತಮ್ಮ ಕೈಯಲ್ಲಿ ಮುಚ್ಚಬಾರದು, ಇಷ್ಟೇ ಅವರಿಗೆ ಬೇಕಾಗಿದ್ದು.

ಅಷ್ಟರಲ್ಲಿ ಒಂದು ಮೂಗರ್ಜಿ ಹೋಯಿತು: ಈ ದಲಾಲ ಕದ್ದು ವಾಯಿದಾ ಸಟ್ಟಾ ನಡೆಸುತ್ತಾನೆಂದು. ವಿಚಾರಣೆಗೆ ಬಂದ ಅಧಿಕಾರಿ ಸಭ್ಯ ಮನುಷ್ಯ. ಯಾರಿಗಾಗಿ ಸೌದಾ ಕುದುರಿಸಿದಿರಿ ಎಂಬುದನ್ನು ಹೇಳಿಬಿಡಿ, ನೀವು ನಡುವಿನವರಷ್ಟೇ ಎಂದು ಬರೆದುಕೊಂಡು ಹೋಗುತ್ತೇನೆ ಎಂದರು. ನಾನು ನನ್ನ ಕೋಣೆಗೆ ಹತ್ತುವ ಮೆಟ್ಟಿಲ ಮೇಲಿದ್ದೆ. “ಅಂಥಾದ್ದು ಏನೂ ನಡದಿಲ್ರಿ ಸಾಹೇಬ್ರ” ಎಂದರು ಕಾಕಾ. ಅಧಿಕಾರಿ ಪೆನ್ನು ಮುಚ್ಚಿದರು. ಆಮೇಲೆ, ಹಾಗಾದರೆ ಪೇಟೆಯ ಇಬ್ಬರು ವ್ಯಾಪಾರಿಗಳಿಂದ ಸಹಿ ಹಾಕಿಸಿಕೊಂಡು ಬನ್ನಿ, ನಿಮ್ಮ ವ್ಯವಹಾರ ತಮಗೆ ಗೊತ್ತು, ಅದು ಚೊಕ್ಕಟವಿದೆ ಎಂದು ಬರೆದುಕೊಡಲಿ, ಪರವಾನಗಿ ತಡೆಯುವುದಿಲ್ಲ ಎಂದರು. ಕಾಕಾರ ಮುಖ ಅರಳಿತು. “ಇಬ್ಬರ ಯಾಕ್ರಿ, ಇಡೀ ಪ್ಯಾಟೀನ ಬರತೈತಿ!”

ಮರುದಿನ ಬೆಳಿಗ್ಗೆ ಅವರು ಮೊದಲು ಹೋದದ್ದು ಜಿನ್ನಿಂಗ್ ಮಿಲ್ಲಿನ ಸಾವಕಾರರ ಕಡೆ. ಧಾರಣೆಗೆಂದು ನಾನೂ ಅಲ್ಲಿಗೇ ಹೊರಟಿದ್ದೆ. ಬಿಳಿ ಗಾದಿಯ ಮೇಲೆ ಸಾವಕಾರರು, ಸುತ್ತ ಪೇಟೆಯ ಐದಾರು ಮಂದಿ ವ್ಯಾಪಾರಿಗಳು. ಅವರಲ್ಲಿ ಹೆಚ್ಚಿನವರ ಕೈ ಕಾಕಾರ ಟವಲಿನೊಳಗೆ ಹೋದದ್ದನ್ನು ನಾನು ಅದೇ ಮೆಟ್ಟಿಲ ಮೇಲಿಂದ ಕಂಡಿದ್ದೆ. ಸಾವಕಾರರದಂತೂ ಹತ್ತಾರು ಸಲ.

“ಬರ್ರಿ ಕಾಕಾರ, ಕುಂದರ್ರಿ. ಚಾ ತರಸ್ಲಿ?”

“ಚಾ ಆಮ್ಯಾಲ ಆಗಲ್ರಿ. ಒಂದ ಸಹಿ ಬೇಕಾಗಿತ್ತು.”

ಸಾವಕಾರರು ಕಾಗದ ತೆಗೆದುಕೊಂಡು ನಿಧಾನವಾಗಿ ಓದಿದರು. ಕನ್ನಡಕ ತೆಗೆದರು.

“ಅಲ್ರಿ, ಇದರಾಗ ನಿಮ್ಮ ವ್ಯವಹಾರ ನನಗ ಗೊತ್ತೈತಿ ಅಂತ ಐತಲ್ಲ. ಎಲ್ಲಾರೂ ಕುಂತಾರ, ನೀವ ಹೇಳ್ರಿ. ನಾನು ಎಂದಾದ್ರೂ ನಿಮ್ಮ ಕಡೆ ಸೌದಾ ಮಾಡೇನೇನು?”

ಹೊರಗೆ ಜಿನ್ನಿಂಗ್ ಯಂತ್ರ ಓಡುತ್ತಿತ್ತು. ಕಾಕಾ ಹೆಗಲ ಮೇಲಿನ ಟವಲು ತೆಗೆದು ಮಡಿಲಲ್ಲಿಟ್ಟುಕೊಂಡರು. ಹೌದು ಎಂದರೆ ಅಲ್ಲಿದ್ದ ಎಲ್ಲರ ಎದುರು ಒಬ್ಬನ ಹೆಸರು ಬಿಚ್ಚಿದಂತೆ. ಅದನ್ನು ಅವರು ಎಂದೂ ಮಾಡಿರಲಿಲ್ಲ. ಸಾವಕಾರರಿಗೆ ಅದು ಚೆನ್ನಾಗಿ ಗೊತ್ತಿತ್ತು.

“ಇಲ್ರಿ” ಎಂದರು ಕಾಕಾ.

“ಮತ್ತ? ಗೊತ್ತಿಲ್ಲದ ವ್ಯವಹಾರಕ್ಕ ಸಹಿ ಹ್ಯಾಂಗ ಮಾಡ್ಲಿ? ತಪ್ಪ ತಿಳ್ಕೋಬ್ಯಾಡ್ರಿ.”

“ಪೇಪರಿನವರೂ ಅದಾರ, ಬರಕೊಂಡ ಗಿರಕೊಂಡಾರು” ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ಕಾಕಾ ಕಾಗದ ತೆಗೆದುಕೊಂಡು ಎದ್ದರು. ಸಹಿ ಹಾಕಬಹುದಾಗಿದ್ದ ಉಳಿದವರೂ ಆ ‘ಇಲ್ರಿ’ ಕೇಳಿಸಿಕೊಂಡು ಅಲ್ಲಿಯೇ ಕುಳಿತಿದ್ದರು, ಬೇರೆಲ್ಲೂ ಹೋಗಿ ಕೇಳುವುದು ಉಳಿದಿರಲಿಲ್ಲ.

ಮನೆಯ ಮೆಟ್ಟಿಲ ಬಳಿ ನಾನು ಹೇಳಿದೆ, “ಕಾಕಾರ, ನಾನು ನೋಡೇನ್ರಿ. ಸಾಹೇಬರ ಮುಂದ ಹೇಳತೇನಿ.”

“ನೀವು ಏನೂ ನೋಡಿಲ್ರಿ. ಟವಲ್ ನೋಡೀರಿ, ಅಷ್ಟ.” ಚಪ್ಪಲಿ ಬಿಡುತ್ತ ಒಂದು ಕ್ಷಣ ನಿಂತರು. “ನಾನು ಅವರ ಹೆಸರ ಕಾದ್ರ ಅವರು ನನ್ನ ಹೆಸರ ಕಾಯ್ತಾರ ಅಂತ ತಿಳದಿದ್ದೆ… ಅಂಥಾ ಸೌದಾ ಯಾರ ಕೂಡಾನೂ ಮಾಡಿರಲಿಲ್ಲ ನೋಡ್ರಿ ನಾನು. ನಾನೊಬ್ಬನ ಹಂಗ ಅನಕೊಂಡಿದ್ದೆ.”

ಪರವಾನಗಿ ಬರಲಿಲ್ಲ. ಹೊಸ ಅಂಗಳದಲ್ಲಿ ಮೂಲೆಯ ಒಳ್ಳೆಯ ಜಾಗ ಸಾವಕಾರರಿಗೆ ಸಿಕ್ಕಿತು. ಮೂಗರ್ಜಿ ಬರೆದವರು ಯಾರೆಂದು ನನಗೆ ಗೊತ್ತಾಗಲಿಲ್ಲ, ಗೊತ್ತಿಲ್ಲದ್ದನ್ನು ಇಲ್ಲಿ ಬರೆಯುವುದಿಲ್ಲ. ಕಾಕಾ ಒಂದು ಹಂಗಾಮು ಅಂಗಡಿಯ ಬಾಗಿಲು ತೆರೆದು ಸುಮ್ಮನೆ ಕುಳಿತರು. ಬರುವವರು ಕಡಿಮೆಯಾದರು, ಬಂದವರೂ ಕದ್ದು ಸೌದಾ ಮಾಡಲು ಹಿಂಬಾಗಿಲಿನಿಂದ ಬಂದರು, ಅವರತ್ತ ಕಾಕಾ ಕೈ ಚಾಚಲಿಲ್ಲ. ಕೊನೆಗೆ ಗಂಡ ಹೆಂಡತಿ ರಾಮದುರ್ಗದಲ್ಲಿದ್ದ ಮಗಳ ಮನೆಗೆ ಹೋದರು. ಒಮ್ಮೆ ಸುದ್ದಿಗೆಂದು ಹೋದಾಗ ಕಂಡೆ. ಮಗ್ಗದ ಸದ್ದಿನ ಓಣಿ, ಕಟ್ಟೆಯ ಮೇಲೆ ಕಾಕಾ. ಹೆಗಲ ಮೇಲೆ ಟವಲು ಇರಲಿಲ್ಲ. ಧಾರಣೆ ಏನೈತಿ ಎಂದೂ ಕೇಳಲಿಲ್ಲ. ಕಾಕು ಮಾತ್ರ, “ಈಗ ನನ್ನ ಕೈ ಹಿಡದ ನಡೀತಾರ್ರಿ, ಕಣ್ಣ ಮಂದ ಆಗ್ಯಾವು” ಎಂದು ನಗಲು ನೋಡಿದರು…

ದಶಕ ಮುಗಿಯುವ ಮೊದಲೇ ಕಾಕಾ ತೀರಿಕೊಂಡರು. ನಾನು ಕಳಿಸಿದ ಎರಡು ಸಾಲಿನ ಸುದ್ದಿಗೆ ಪತ್ರಿಕೆಯಲ್ಲಿ ಜಾಗ ಸಿಗಲಿಲ್ಲ. ಮುಂದೆ ಸಾವಕಾರರು ಹೋದಾಗ ಅರ್ಧ ಪುಟ ಬಂತು. ಇನ್ನೂ ಎಷ್ಟೋ ವರ್ಷಕ್ಕೆ ಸರಕಾರ ವಾಯಿದಾಕ್ಕೆ ಮತ್ತೆ ಬಾಗಿಲು ತೆರೆಯಿತು. ಮುಚ್ಚಿದಾಗಲೂ ತೆರೆದಾಗಲೂ ಕಾರಣಗಳಿದ್ದವು, ತೆರೆದ ಕಾರಣವನ್ನು ನಾನೇ ವರದಿ ಮಾಡಿದ್ದೇನೆ.

ಗಾಜಿನ ಕಚೇರಿಯಲ್ಲಿ ಯುವಕ ನನ್ನ ಮುಂದೆ ಚಹಾ ಇಟ್ಟು, ಅಜ್ಜನ ಫೋಟೋ ಕಡೆ ಕೈ ಮಾಡಿದ.

“ಅಜ್ಜಾರ, ಆ ಕಾಲದಾಗ ನಮ್ಮ ಮುತ್ಯಾನೂ ವಾಯಿದಾ ಮಾಡ್ತಿದ್ರಂತಲ್ರಿ. ಅದನ್ನ ಮೊದಲನೇ ಸಾಲಿನಾಗ ಹಾಕ್ರಿ. ಅವಾಗಿಂದ ಈ ಧಂದೇದಾಗ ಅದೀವಿ ಅಂದ್ರ ಗಿರಾಕಿಗೆ ನಂಬಿಕಿ ಬರತೈತಿ.”

“ಮಾಡಿಲ್ಲಪಾ.”

“ಹ್ಯಾಂಗ್ರಿ? ಮನ್ಯಾಗ ಎಲ್ಲಾರೂ ಹೇಳ್ತಾರ.”

“ನಿಮ್ಮ ಮುತ್ಯಾನೇ ಐದಾರ ಮಂದಿ ಮುಂದ ಕೇಳಿದ್ರು, ನಾನು ಎಂದಾದ್ರೂ ಸೌದಾ ಮಾಡೇನೇನು ಅಂತ. ಇಲ್ಲ ಅಂತ ಉತ್ತರ ಬಂತು. ನಾನು ಅಲ್ಲೇ ಇದ್ದೆ. ಕೇಳಿದ್ದನ್ನ ಬಿಟ್ಟು ಬ್ಯಾರೆ ಬರಿಯಾಕ ನನಗ ಬರೂದಿಲ್ಲ.”

ಅವನು ಪರದೆಯ ಕಡೆ ತಿರುಗಿದ. ಉತ್ತರ ಕೊಟ್ಟವರು ಯಾರೆಂದು ಕೇಳಲಿಲ್ಲ. ಕೇಳಿದ್ದರೆ ಕಾಕಾರ ಪೂರ್ತಿ ಹೆಸರು, ಮನೆತನದ ಅಡ್ಡಹೆಸರು ಸೇರಿಸಿ, ಹೇಳಬೇಕೆಂದಿದ್ದೆ. ಆ ಪೇಟೆಯಲ್ಲಿ ಅದನ್ನು ಯಾರಾದರೂ ಗಟ್ಟಿಯಾಗಿ ಹೇಳಿ ಬಹಳ ವರ್ಷವಾಗಿದೆ… ಚಹಾ ಕುಡಿಯದೆ ಹೊರಗೆ ಬಂದೆ. ಬಾಗಿಲು ಮುಚ್ಚಿಕೊಂಡಿತು. ಹತ್ತಿಕಾಳಿನ ವಾಸನೆ ಮಾತ್ರ ಬಸ್ ಸ್ಟ್ಯಾಂಡಿನವರೆಗೂ ಅಂಗಿಗೆ ಅಂಟಿಕೊಂಡು ಬಂತು.