ಮಟ್ಟಾಂಚೇರಿಯಲ್ಲಿ ಮುರಿದ ಶುಂಠಿ

ಗೆಳೆಯರೇ, ಇವತ್ತು ಕೊಚ್ಚಿಯ ಹಳೇ ಬಂದರಿನ ಬೀದಿಯಲ್ಲಿ ನಮ್ಮ ಸೋದರಮಾವನಿಗೆ ಏಟು ಬೀಳುವುದೊಂದು ಬಾಕಿಯಿತ್ತು.

ಮಾವ ಅರಕಲಗೂಡಿನ ಕಡೆ ಶುಂಠಿ ಬೆಳೆಯುವವರು. ಬೆಳಗಿನಿಂದ ಚರ್ಚು, ಮೀನಿನ ಬಲೆ ಎಲ್ಲ ನಡೆದೇ ನೋಡಿದೆವು. ಯಾವುದಕ್ಕೂ ಅವರು ಕಣ್ಣರಳಿಸಲಿಲ್ಲ. ಮಟ್ಟಾಂಚೇರಿಯ ಗೋದಾಮೊಂದರ ಅಂಗಳದಲ್ಲಿ ಒಣಗಲು ಹರಡಿದ್ದ ಶುಂಠಿ ಕಂಡದ್ದೇ ತಡ, ಚಪ್ಪಲಿ ಬಿಟ್ಟು ಒಳಗೆ ಹೋದರು. ದಪ್ಪನೆಯದೊಂದನ್ನು ಎತ್ತಿ ಲಟಕ್ಕನೆ ಮುರಿದು ಮೂಸಿದರು. ಇನ್ನೊಂದನ್ನೂ ಮುರಿದರು. ಶುಂಠಿ ಆರಿಸುತ್ತಿದ್ದ ಹೆಂಗಸೊಬ್ಬರು ಮೊರ ಬಿಸಾಕಿ ಎದ್ದು ಬಂದು, ಮಾವನ ಮಣಿಕಟ್ಟು ಹಿಡಿದು ಮಲಯಾಳದಲ್ಲಿ ಬೈಯತೊಡಗಿದರು. ಮೂಟೆ ಹೊರುತ್ತಿದ್ದ ಇಬ್ಬರು ಬಾಗಿಲಿಗೆ ಅಡ್ಡ ನಿಂತರು.

"ನೋಡಕೆ ಮುರುದ್ದು ಕಣಮ್ಮ, ಕದಿಯಕ್ಕಲ್ಲ," ಎಂದರು ಮಾವ. ಯಾರಿಗೂ ಅರ್ಥವಾಗಲಿಲ್ಲ. ನಾನು ಕೈಮುಗಿದು, ಅರ್ಧಂಬರ್ಧ ಇಂಗ್ಲಿಷಿನಲ್ಲಿ ಕ್ಷಮೆ ಕೇಳಿದೆ. ಮುರಿದ ತುಂಡುಗಳನ್ನು ಕಿತ್ತುಕೊಂಡ ಮೇಲೆಯೇ ನಮ್ಮನ್ನು ಬಿಟ್ಟರು.

ಬೀದಿಗೆ ಬಂದ ಮಾವ ಗೋದಾಮಿನ ಕಡೆಗೇ ತಿರುತಿರುಗಿ ನೋಡುತ್ತಿದ್ದರು. ಅವಮಾನವಾಗಿದೆ ಅಂದುಕೊಂಡು ಸಮಾಧಾನ ಹೇಳಲು ಹೋದೆ.

"ಅದಲ್ಲ ಕಣ್ಲಾ. ನಮ್ಮೊಲಕ್ಕೆ ಬರೋ ಯಾಪಾರಿ ಗಿಡ ಗಿಡ ಕಿತ್ತು ಮುರ್ದು ನೋಡ್ತಾನೆ. ನಾನು ಅವುನ್ಗೆ ಟೀ ತರ್ಸಿ ಕೊಟ್ಟು ಕೈ ಕಟ್ಕಂಡು ನಿಂತಿರ್ತೀನಿ. ಇಂಗೆ ಬಯ್ಬೋದು ಅಂತ ಗೊತ್ತೇ ಇರ್ನಿಲ್ಲ."

ಆಮೇಲೆ ಅಲ್ಲಿನ ಹಳೇ ಅರಮನೆ ನೋಡಲು ಮಾವ ಬರಲಿಲ್ಲ. ಗೋದಾಮಿನೆದುರಿನ ಟೀ ಅಂಗಡಿಯವನಿಂದ ಆ ಬೈಗುಳ ಹೇಳಿಸಿಕೊಂಡು ಬಾಯಿಪಾಠ ಮಾಡುತ್ತಾ ಕೂತಿದ್ದಾರೆ. ನಾಳಿದ್ದು ವ್ಯಾಪಾರಿ ಹೊಲಕ್ಕೆ ಬರುತ್ತಾನಂತೆ.