ಅಡುಗೆಯಕ್ಕನ ಚಿಟಿಕೆ ಗ್ಲೂಕೋಸ್

ಆ ಸಂಶೋಧನಾಲಯದ ಕಟ್ಟಡದ ಎರಡನೆಯ ಮಹಡಿಯ ಕೊನೆಯ ಕೋಣೆಗೆ ಎಲ್ಲರೂ ಅಡುಗೆಮನೆ ಎನ್ನುತ್ತಿದ್ದರು. ಅಲ್ಲಿ ಒಲೆಯಿತ್ತು, ತಕ್ಕಡಿಯಿತ್ತು, ಸೊಂಟದೆತ್ತರದ ಹಬೆಪಾತ್ರೆಯಿತ್ತು. ಆದರೆ ಅಲ್ಲಿ ಬೆಂದದ್ದನ್ನು ಮನುಷ್ಯರು ಬಾಯಿಗಿಡುವಂತಿರಲಿಲ್ಲ. ಅದೆಲ್ಲ ಬ್ಯಾಕ್ಟೀರಿಯಾಗಳ ಊಟ. ಆ ಊಟ ಮಾಡಿಡುವವಳೇ ಅಡುಗೆಯಕ್ಕ.

ಈ ಹೆಸರು ಅವಳಿಗೆ ಹೊಸದೇನಲ್ಲ. ಎಂಟು ಮಕ್ಕಳಲ್ಲಿ ಹಿರಿಯವಳಾಗಿ ಹುಟ್ಟಿದ್ದರಿಂದ ಸೌಟು ಹಿಡಿಯುವಷ್ಟು ಕೈ ಬಲಿತಾಗಲೇ ಒಲೆಯ ಮುಂದೆ ಕೂತವಳು. ಮದುವೆಯಾದ ಮೇಲೆ ಇಪ್ಪತ್ತೊಂದು ವರ್ಷ ಒಂದು ವಿದ್ಯಾರ್ಥಿನಿಲಯದಲ್ಲಿ ಇನ್ನೂರು ಜನರಿಗೆ ಬೇಯಿಸಿದಳು. ಎರಡನೇ ಸಲ ಬಡಿಸಿಕೊಳ್ಳಲು ನಾಚುವ ಮಕ್ಕಳನ್ನು ಮುಖ ನೋಡಿಯೇ ಗುರುತಿಸುತ್ತಿದ್ದಳು. ಕೇಳುವ ಮೊದಲೇ ತಟ್ಟೆಗೆ ಬೀಳುತ್ತಿತ್ತು. ಯಾರೇ ಅರೆಹೊಟ್ಟೆಯಲ್ಲಿ ಎದ್ದರೂ ಅವತ್ತಿನ ನಿದ್ದೆ ಅವಳಿಗೆ ಅರೆಯೇ.

ಅವಳನ್ನು ಈ ಕಟ್ಟಡಕ್ಕೆ ಕರೆತಂದದ್ದು ಗಂಡನ ಕೈಗಳು. ಆತ ಬಣ್ಣದ ಕಾರ್ಖಾನೆಯಲ್ಲಿ ಹಿಂಬದಿಯ ತೊಟ್ಟಿ ತೊಳೆಯುವ ಕೆಲಸದಲ್ಲಿದ್ದ. ಮೊದಲು ಬೆರಳ ತುದಿ ಜುಮ್ಮೆಂದಿತು. ಆಮೇಲೆ ಲೋಟ ಕೈಜಾರತೊಡಗಿತು. ಕೊನೆಗೆ ಬಿಸಿ ಯಾವುದು ತಣ್ಣಗಿರುವುದು ಯಾವುದು ಎನ್ನುವುದೇ ಬೆರಳುಗಳಿಗೆ ತಿಳಿಯದಾಯಿತು. ಅದೇ ತೊಟ್ಟಿಗೆ ಇಳಿದವರಲ್ಲಿ ಇನ್ನೂ ಐವರಿಗೆ ಹಾಗೆಯೇ ಆಗಿತ್ತು. ಊರಿನ ವೈದ್ಯರು ಯಾರೂ ಈ ಕಾಯಿಲೆಯನ್ನು ಕಂಡಿರಲಿಲ್ಲ. ಕೊನೆಗೆ ಈ ಕಟ್ಟಡದ ಕೆಳಮಹಡಿಯ ಸಂಶೋಧಕ ವೈದ್ಯರು ಆರೂ ಮಂದಿಯನ್ನು ಕರೆಸಿ, ನರಗಳನ್ನು ಪರೀಕ್ಷಿಸಿ, ತೊಟ್ಟಿಯ ನೀರಿನ ಮೇಲೆ ಅನುಮಾನಪಟ್ಟರು. ಗಂಡನನ್ನು ವಾರವಾರ ಕರೆತರುತ್ತಿದ್ದ ಅಕ್ಕ ಜಗುಲಿಯಲ್ಲಿ ಸುಮ್ಮನೆ ಕೂರಲಾರದೆ ಯಾರದೋ ಗಾಜಿನ ಪಾತ್ರೆಗಳನ್ನು ತೊಳೆದುಕೊಟ್ಟಳು. ಅಷ್ಟು ಹೊಳೆಯುವ ಪಾತ್ರೆಗಳನ್ನು ಅಲ್ಲಿ ಯಾರೂ ಕಂಡಿರಲಿಲ್ಲವಂತೆ. ತಿಂಗಳೊಳಗೆ ಕೆಲಸ ಸಿಕ್ಕಿತು.

ಆ ತೊಟ್ಟಿಯ ನೀರಿನಲ್ಲಿದ್ದ ವಿಷಕ್ಕೆ ಒಂದು ಉದ್ದನೆಯ ಹೆಸರಿತ್ತು. ಅಕ್ಕ ಅದನ್ನು ಘಾಟು ಎಂದಷ್ಟೇ ಕರೆಯುತ್ತಿದ್ದಳು. ಆ ಘಾಟನ್ನು ತಿಂದು ಬದುಕುವ ಬ್ಯಾಕ್ಟೀರಿಯಾವನ್ನು ಹುಡುಕಿದವಳು ಸಂಶೋಧನೆಗೆಂದು ಸೇರಿದ್ದ ಒಬ್ಬ ಕನ್ನಡಕದ ಹುಡುಗಿ. ಕಾರ್ಖಾನೆಯ ಹಿಂದಿನ ಚರಂಡಿಯ ಕೆಸರನ್ನು ಎರಡು ವರ್ಷ ಸೋಸಿ, ತೊಳೆದು, ಬೆಳೆಸಿ, ಒಂದು ಜಾತಿಯನ್ನು ಹಿಡಿದಿದ್ದಳು. ಮತ್ತೆರಡು ವರ್ಷ ಅದರ ಶಕ್ತಿಯನ್ನು ಅಳೆದಿದ್ದಳು. ಘಾಟು ಬೆರೆಸಿದ ನೀರಿನಲ್ಲಿ ಅದನ್ನು ಬಿಟ್ಟು ಐದು ದಿನ ಕಾಯುವುದು. ಆಮೇಲೆ ಪರೀಕ್ಷೆಯ ಎರಡು ದ್ರಾವಣ ಸುರಿಯುವುದು. ವಿಷ ಉಳಿದಿದ್ದರೆ ನೀರು ಕೆಂಪಾಗುತ್ತದೆ, ಖಾಲಿಯಾಗಿದ್ದರೆ ಬಣ್ಣ ಬರುವುದಿಲ್ಲ. ಅವಳ ನೀರು ಎಂದೂ ಕೆಂಪಾಗಿರಲಿಲ್ಲ. ಕಾರ್ಖಾನೆಯ ತೊಟ್ಟಿಯಲ್ಲೇ ಇದನ್ನು ಬಿಟ್ಟು ನೋಡೋಣ ಎಂದು ವಿಭಾಗದ ದೊಡ್ಡ ಸಾರ್ ಒಪ್ಪಿದ್ದರು.

ಅಷ್ಟರಲ್ಲಿ ಅವಳಿಗೆ ಒಂಬತ್ತು ತಿಂಗಳು ತುಂಬಿತು. ಹೆರಿಗೆಗೆ ಹೋಗುವ ಮುನ್ನ ಆ ಬ್ಯಾಕ್ಟೀರಿಯಾ ತುಂಬಿದ್ದ ಮೂರು ಗಾಜಿನ ಕೊಳವೆಗಳನ್ನು ಅಕ್ಕನ ಕೈಗಿತ್ತಳು. ಹಿಂದಿನ ಬೇಸಿಗೆಯಲ್ಲಿ ಡೀಪ್ ಫ್ರೀಜರ್ ಕೆಟ್ಟು ಒಳಗೆ ಕಾಪಿಟ್ಟಿದ್ದೆಲ್ಲ ಸತ್ತಿತ್ತು. ಈಗ ಜೀವಂತವಾಗಿದ್ದದ್ದು ಇವಿಷ್ಟೇ.

"ಹದಿನೈದು ದಿನಕ್ಕೊಂದ್ಸಲ ಹೊಸ ಕೊಳವೆಗೆ ದಾಟಿಸಿ ಅಕ್ಕಾ. ಉಪ್ಪಿನ ನೀರು, ಎರಡು ಹನಿ ಘಾಟು, ಅಷ್ಟೇ. ಹಳೇದನ್ನ ಹಬೇಲಿ ಬೇಯಿಸಿ ಚೆಲ್ಲಿಬಿಡಿ."

"ಎರಡೇ ಹನಿಯಾ? ಹದಿನೈದು ದಿನಕ್ಕೆ?"

"ಸಾಕು, ಅವಕ್ಕೆ."

"ನೀನು ಹೊಟ್ಟೆ ತುಂಬ ತಿನ್ನು ಮಗಾ. ಇವನ್ನ ನನಗೆ ಬಿಡು. ನಿನ್ನ ಮಕ್ಕಳು ನನ್ನ ಮಕ್ಕಳು ಅಂತ ಬೇರೆ ಇದೆಯಾ?"

ಮೊದಲ ಸಲ ಅಕ್ಕ ಹೇಳಿದಂತೆಯೇ ಮಾಡಿದಳು. ಆದರೆ ದಿನಾ ಬೆಳಗ್ಗೆ ಕೊಳವೆ ಎತ್ತಿ ಬೆಳಕಿಗೆ ಹಿಡಿದಾಗ ಒಳಗೆ ಕಾಣುತ್ತಿದ್ದದ್ದು ಇದೆಯೋ ಇಲ್ಲವೋ ಎನ್ನುವಂಥ ತೆಳ್ಳನೆಯ ಮೋಡ. ಪಕ್ಕದ ಸ್ಟ್ಯಾಂಡಿನಲ್ಲಿ ಬೇರೆಯವರ ಬ್ಯಾಕ್ಟೀರಿಯಾಗಳು ಸಾರ, ಗ್ಲೂಕೋಸ್ ಎಲ್ಲ ಉಂಡು ಹಾಲಿನಂತೆ ದಟ್ಟವಾಗಿ ಬೆಳೆದಿದ್ದವು. ತಾಯಿ ಊರಲ್ಲಿಲ್ಲ; ಮಕ್ಕಳು ವಿಷ ತಿಂದುಕೊಂಡು, ಅದೂ ಎರಡು ಹನಿ!

ಎರಡನೆಯ ಸಲ ದಾಟಿಸುವಾಗ ಕಪಾಟಿನಿಂದ ಗ್ಲೂಕೋಸ್ ತೆಗೆದು ಪ್ರತಿ ಕೊಳವೆಗೂ ಒಂದೊಂದು ಚಿಟಿಕೆ ಹಾಕಿ, ಕ್ರಮತಪ್ಪದೆ ಹಬೆಯಲ್ಲಿ ಬೇಯಿಸಿ, ಆಮೇಲೆ ಘಾಟಿನ ಎರಡು ಹನಿಯನ್ನೂ ಬಿಟ್ಟಳು. ಮರುದಿನ ನೋಡಿದರೆ ಕೊಳವೆ ತುಂಬ ದಟ್ಟ ಮೋಡ. "ಹಾಗೆ ಬನ್ನಿ ದಾರಿಗೆ," ಎಂದಳು. ಅಂದಿನಿಂದ ಐದು ಸಲ, ಪ್ರತಿ ಸಲವೂ ಒಂದು ಚಿಟಿಕೆ.

ಮೂರು ತಿಂಗಳು ಕಳೆದು ಹುಡುಗಿ ಮರಳಿದಳು. ಕಣ್ಣ ಕೆಳಗೆ ಕಪ್ಪು, ಭುಜದ ಮೇಲೆ ಮಗು ಕಕ್ಕಿದ ಹಾಲಿನ ಕಲೆ. ಕೊಳವೆಗಳನ್ನು ನೋಡಿ, "ಅಬ್ಬಾ, ಏನು ಅಕ್ಕಾ, ಇಷ್ಟು ಚೆನ್ನಾಗಿ ಸಾಕಿದೀರಿ!" ಎಂದಳು. ಅಕ್ಕನಿಗೆ ಸ್ವರ್ಗ ಮೂರೇ ಗೇಣು.

ತೊಟ್ಟಿಯ ಪ್ರಯೋಗಕ್ಕೆ ಇನ್ನೂ ನಲವತ್ತು ದಿನವಿತ್ತು. ಹುಡುಗಿ ಎಂದಿನಂತೆ ಪರೀಕ್ಷೆಗಿಟ್ಟಳು. ಐದನೆಯ ದಿನ ಎರಡು ದ್ರಾವಣ ಸುರಿದಾಗ ನೀರು ರಕ್ತದಂತೆ ಕೆಂಪಾಯಿತು. ಮತ್ತೆ ಇಟ್ಟಳು, ಮತ್ತೆ ಕೆಂಪು. ಮೂರನೆಯ ಸಲವೂ ಅದೇ ಆದಾಗ ಅಡುಗೆಮನೆಯ ಸ್ಟೂಲಿನ ಮೇಲೆ ಬಂದು ಕೂತಳು.

"ಒಂದು ಹನಿಯನ್ನೂ ತಿಂದಿಲ್ಲ ಅಕ್ಕಾ."

"ಹೊಟ್ಟೆ ಕೆಟ್ಟಿರಬೇಕು."

"ಹಾಗಲ್ಲ. ಬೇರೆ ಸುಲಭದ ಊಟ ಸಿಕ್ಕಿದ್ರೆ ಇವು ಘಾಟು ತಿನ್ನೋ ವಿದ್ಯೆಯನ್ನೇ ಕಳೆದುಕೊಂಡುಬಿಡ್ತವೆ. ಆದ್ರೆ ಇಲ್ಲಿ ಬೇರೆ ಊಟ ಎಲ್ಲಿಂದ ಬರ್ಬೇಕು? ದಾಟಿಸಿದ್ದು ನೀವು. ಬೇರೆ ಯಾರಾದ್ರೂ ಆಗಿದ್ರೆ ಅನುಮಾನಪಡ್ತಿದ್ದೆ." ಅವಳು ಕನ್ನಡಕ ತೆಗೆದು ಒರೆಸಿಕೊಂಡಳು. "ಅಂದ್ರೆ ನಾಲ್ಕು ವರ್ಷ ನಾನೇ ಏನೋ ತಪ್ಪು ಅಳೆದಿದೀನಿ. ನಾಡಿದ್ದು ಸಾರ್‌ಗೆ ಬರೆದುಕೊಡ್ತೀನಿ, ಹಳೆಯ ಫಲಿತಾಂಶ ಯಾವುದನ್ನೂ ನಂಬಬೇಡಿ ಅಂತ."

ಅಕ್ಕ ಕೈಯಲ್ಲಿದ್ದ ಬಟ್ಟೆಯಿಂದ ಆಗಲೇ ಒಣಗಿದ್ದ ಗಾಜಿನ ಪಾತ್ರೆಯನ್ನು ಒರೆಸುತ್ತಲೇ ಇದ್ದಳು.

ಮನೆಗೆ ಬಂದಾಗ ಗಂಡ ಅಂಗಿಯ ಗುಂಡಿಯೊಡನೆ ಸೆಣಸುತ್ತಿದ್ದ. ಅಕ್ಕ ಎಂದಿನಂತೆ ಮುಂದೆ ಕೂತು ಅವನ ಕೈ ಸರಿಸಿ ಗುಂಡಿ ಹಾಕುತ್ತ ಹಾಕುತ್ತಲೇ ನಡೆದದ್ದೆಲ್ಲವನ್ನೂ ಹೇಳಿಬಿಟ್ಟಳು.

"ಅಂದ್ರೆ ತಿನ್ನಿಸಿ ತಿನ್ನಿಸಿ ಸೋಮಾರಿಗಳನ್ನಾಗಿ ಮಾಡ್ದೆ," ಎಂದ ಆತ.

"ನಗಬೇಡಿ ರೀ. ನನ್ನ ಹೊಟ್ಟೇಲಿ ಬೆಂಕಿ ಬಿದ್ದಿದೆ."

"ನಗ್ತಿಲ್ಲ ಕಣೇ. ಕೆಳಮಹಡಿ ಡಾಕ್ಟರು ನನಗೇನು ಹೇಳಿದ್ರು? ಗುಂಡಿ ನೀವೇ ಹಾಕ್ಕೊಳ್ಳಿ, ಅರ್ಧ ಗಂಟೆ ಆದ್ರೂ ಸರಿ ಅಂದ್ರು. ನೀನು ಎರಡು ನಿಮಿಷ ನೋಡ್ತೀಯ, ಆಮೇಲೆ ತಡೆಯೋಕಾಗಲ್ಲ."

"ಅದೂ ಇದೂ ಒಂದೇನಾ?"

"ನನಗೇನು ಗೊತ್ತು, ನಾನೇನು ಓದಿದೀನಾ? ಆದ್ರೆ ಆ ಹುಡುಗಿ ಮಾಡದ ತಪ್ಪನ್ನ ತನ್ನ ತಲೆ ಮೇಲೆ ಹಾಕ್ಕೊಳ್ತಿದಾಳೆ. ಅದಂತೂ ಗೊತ್ತಾಯ್ತು."

"ಕೆಲಸ ಹೋದ್ರೆ?"

"ಹೋದ್ರೆ ಹೋಯ್ತು. ಆಗ ಇಡೀ ದಿನ ಕೂತು ನನಗೆ ಗುಂಡಿ ಹಾಕುವಿಯಂತೆ."

ಅಕ್ಕ ಅವನ ಭುಜಕ್ಕೊಂದು ಗುದ್ದಿ ಎದ್ದಳು. ಕೊನೆಯ ಗುಂಡಿ ಹಾಗೇ ಉಳಿದಿತ್ತು. ಆತ ಹೇಗೋ ಅದನ್ನು ಹಾಕಿಕೊಂಡ. ಒಂದು ತೂತು ತಪ್ಪಿತ್ತು.

ಮರುದಿನ ಹುಡುಗಿ ಬರುವ ಮೊದಲೇ ಅಕ್ಕ ಅವಳ ಮೇಜಿನ ಬಳಿ ನಿಂತಿದ್ದಳು. ಗ್ಲೂಕೋಸ್ ಡಬ್ಬಿ ಮೇಜಿನ ಮೇಲಿತ್ತು.

"ನಿನ್ನ ಲೆಕ್ಕ ತಪ್ಪಿಲ್ಲ ಮಗಾ. ನಾನು ಹಾಕಿದೆ. ಒಂದು ಚಿಟಿಕೆ. ತೀರಾ ಬಡಕಲಾಗಿದ್ವು, ನೋಡೋಕಾಗ್ಲಿಲ್ಲ."

ಹುಡುಗಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ, "ಎಷ್ಟು ಸಲ?" ಎಂದಳು.

"ಐದು."

"ಮೂರೂ ಕೊಳವೆಗೂ?"

"ಒಂದಕ್ಕೆ ಹಾಕಿ ಇನ್ನೊಂದಕ್ಕೆ ಬಿಟ್ರೆ ಪಕ್ಷಪಾತ ಆಗಲ್ವಾ..."

ಹುಡುಗಿಯ ಮುಖ ಕೆಂಪಾಯಿತು. "ಅಕ್ಕಾ, ಸ್ವಲ್ಪ ಹೊತ್ತು ನನ್ನ ಮುಂದೆ ನಿಲ್ಬೇಡಿ. ದಯವಿಟ್ಟು ಹೋಗಿ. ಏನಾದ್ರೂ ಅಂದುಬಿಡ್ತೀನಿ."

ಅಕ್ಕ ಅಡುಗೆಮನೆಗೆ ಹೋಗಿ ಬಾಗಿಲ ಹಿಂದೆ ನೇತುಹಾಕಿದ್ದ ತನ್ನ ಚೀಲವನ್ನು ಕೆಳಗಿಳಿಸಿದಳು. ಚಪ್ಪಲಿ, ಟಿಫಿನ್ ಡಬ್ಬಿ, ಒಂದು ಹಳೆಯ ಸ್ವೆಟರು. ಎಲ್ಲವನ್ನೂ ತುಂಬಿಟ್ಟುಕೊಂಡು ಸ್ಟೂಲಿನ ಮೇಲೆ ಕೂತಳು. ಮಾಡಿದ್ದುಣ್ಣೋ ಮಹಾರಾಯ ಎಂದು ಎಷ್ಟು ಜನರಿಗೆ ತಾನೇ ಹೇಳಿದ್ದಳೋ! ಗಂಟೆ ಹನ್ನೊಂದಾಯಿತು, ಹನ್ನೆರಡಾಯಿತು. ಯಾರೂ ಕರೆಯಲಿಲ್ಲ.

ಒಂದು ಗಂಟೆಗೆ ಹುಡುಗಿಯೇ ಬಂದಳು. ಅತ್ತಿದ್ದಳೆಂದು ತಿಳಿಯುತ್ತಿತ್ತು. ಚೀಲ ನೋಡಿದಳು.

"ಬರೀ ಉಪ್ಪಿನ ಪ್ಲೇಟುಗಳು ಬೇಕು, ನಲವತ್ತು. ಜೊತೆಗೆ ಘಾಟು. ಇವತ್ತೇ."

"ನಾನು ಮಾಡ್ಲಾ?"

"ಮತ್ತಿನ್ಯಾರು ಮಾಡ್ತಾರೆ?" ಎಂದು ಗೋಡೆಗೆ ಒರಗಿದಳು. "ಸಾರ್‌ಗೆ ಹೇಳಿದೆ. ಕೂಗಾಡಿದ್ರು. ನಿಮ್ಮ ಮೇಲಲ್ಲ, ನನ್ನ ಮೇಲೆ. ಬೇರೇನೂ ಹಾಕಬಾರದು ಅಂತ ನಾನು ಹೇಳಲೇ ಇಲ್ಲ, ಯಾಕೆ ಅಂತಲೂ ಹೇಳಲಿಲ್ಲ. ಉಪ್ಪು, ಎರಡು ಹನಿ ಅಂದೆ, ಹೊರಟುಹೋದೆ."

"ನೀನು ಹೆರೋಕೆ ಹೊರಟಿದ್ದೆ ಮಗಾ, ಪಾಠ ಹೇಳೋಕಲ್ಲ."

ಹುಡುಗಿಗೆ ನಗು ಬಂತು, ಜೊತೆಗೆ ಕಣ್ಣೀರೂ ಬಂತು. ಆಮೇಲೆ ಬಿಡಿಸಿ ಹೇಳಿದಳು. ಒಂದು ಕೊಳವೆಯಲ್ಲಿ ಕೋಟಿಗಟ್ಟಲೆ ಇರುತ್ತವೆ. ಎಲ್ಲವೂ ವಿದ್ಯೆ ಕಳೆದುಕೊಂಡಿರಲಿಕ್ಕಿಲ್ಲ. ಬೇರೆ ಏನೂ ಕೊಡದೆ ಘಾಟೊಂದನ್ನೇ ಮುಂದಿಟ್ಟರೆ, ತಿನ್ನಬಲ್ಲವು ಇದ್ದರೆ ಮೇಲೇಳುತ್ತವೆ. ಉಳಿದವು ಏಳುವುದಿಲ್ಲ.

"ಉಳಿದವು ಸಾಯ್ತವಾ?"

"ಹಸಿದು ಸುಮ್ಮನಾಗ್ತವೆ."

ಅಕ್ಕ ಒಲೆ ಹಚ್ಚಿದಳು.

ಮುಂದಿನ ಒಂಬತ್ತು ದಿನ ಅವಳಿಗೆ ನಿಜಕ್ಕೂ ಕಷ್ಟವಾಯಿತು. ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟ ನಲವತ್ತು ಪ್ಲೇಟುಗಳಲ್ಲಿ, ಹೆಪ್ಪುಗಟ್ಟಿಸಿದ ಉಪ್ಪುನೀರಿನ ಮೇಲೆ ಹುಡುಗಿ ಹರಡಿದ್ದ ಬ್ಯಾಕ್ಟೀರಿಯಾಗಳದ್ದು ಸೂಜಿಮೊನೆಯಷ್ಟು ಸಣ್ಣ ಚುಕ್ಕೆಗಳು, ಬೆಳೆಯಲೂ ಇಲ್ಲ, ಅಳಿಯಲೂ ಇಲ್ಲ. ಅವಳು ದಿನಕ್ಕೆರಡು ಸಲ ಬಾಗಿಲು ತೆರೆದು ನೋಡಿ ಮುಚ್ಚುತ್ತಿದ್ದಳು. ಒಂಬತ್ತನೆಯ ದಿನ ತುಸು ದಪ್ಪಗಿದ್ದ ಐವತ್ತೆರಡು ಚುಕ್ಕೆಗಳನ್ನು ಹುಡುಗಿ ಆರಿಸಿ, ಐವತ್ತೆರಡು ಕೊಳವೆಗಳಲ್ಲಿ ಘಾಟಿನೊಡನೆ ಬಿಟ್ಟಳು. ಮತ್ತೆ ಐದು ದಿನ.

ಪರೀಕ್ಷೆಯ ದಿನ ದ್ರಾವಣ ಸುರಿಯುವುದು ಹುಡುಗಿ, ಕೊಳವೆ ಕುಲುಕುವುದು ಅಕ್ಕ. ಮೊದಲನೆಯದು ಕೆಂಪು. ಎರಡನೆಯದೂ ಕೆಂಪು. ಹದಿನೆಂಟು, ಇಪ್ಪತ್ತು, ಇಪ್ಪತ್ತಾರು, ಎಲ್ಲ ಕೆಂಪು. ಮೂವತ್ತೊಂದನೆಯದನ್ನು ಅಕ್ಕ ಕುಲುಕಿ ಬೆಳಕಿಗೆ ಹಿಡಿದಳು. ಬಣ್ಣ ಬರಲಿಲ್ಲ. ಇನ್ನೊಮ್ಮೆ ಕುಲುಕಿದಳು.

"ದ್ರಾವಣ ಹಾಕಿದೀಯಾ ಇದಕ್ಕೆ?"

"ಹಾಕಿದೆ."

"ಎರಡೂ?"

"ಎರಡೂ ಹಾಕಿದೆ ಅಕ್ಕಾ!"

ಇಬ್ಬರೂ ಅದನ್ನೇ ನೋಡುತ್ತ ನಿಂತರು. ನೀರು ನೀರಿನಂತೆಯೇ ಇತ್ತು. ಹುಡುಗಿ ಸಣ್ಣ ಮಗುವಿನ ಹಾಗೆ ಅಕ್ಕನ ಹೆಗಲಿಗೆ ಹಣೆ ಒತ್ತಿದಳು. ಉಳಿದವನ್ನೂ ನೋಡಿದರು, ನಲವತ್ತೇಳನೆಯದು ಇನ್ನೊಂದು ಸಿಕ್ಕಿತು. ಐವತ್ತೆರಡರಲ್ಲಿ ಎರಡು.

ತೊಟ್ಟಿಯ ಪ್ರಯೋಗ ಎರಡು ತಿಂಗಳು ಮುಂದೆ ಹೋಯಿತು. ಸಾರ್ ಅದಕ್ಕೊಂದಿಷ್ಟು ಗೊಣಗಿದರು. ಅಷ್ಟೇ. ಆ ಎರಡು ಮೂಲಗಳಿಂದ ಹೊಸ ಕೊಳವೆಗೆ ದಾಟಿಸುವ ದಿನ ಹುಡುಗಿ ಬ್ಯಾಕ್ಟೀರಿಯಾ ಎತ್ತುವ ತಂತಿಯನ್ನು ಅಕ್ಕನ ಮುಂದೆ ಹಿಡಿದಳು. ಅಕ್ಕ ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಬೇಡ ಮಗಾ. ನನ್ನ ಕೈ ಗುಣ ಗೊತ್ತಾಯ್ತಲ್ಲ."

"ಇಲ್ಲಿ ನಿಮ್ಮಷ್ಟು ಶುದ್ಧವಾದ ಕೈ ಇನ್ಯಾರದು? ಯಾಕೆ ಅಂತ ಈಗ ನಿಮಗೂ ಗೊತ್ತು. ತಗೊಳ್ಳಿ."

ಅಕ್ಕ ಕೈ ತೊಳೆದು ಬಂದಳು. ತಂತಿಯನ್ನು ಉರಿಯಲ್ಲಿ ಕಾಯಿಸಿ, ಆರಿಸಿ, ಅದ್ದಿ, ದಾಟಿಸಿದಳು. ಎರಡು ಹನಿ ಬಿಟ್ಟಳು.

ಮರುದಿನ ಬೆಳಗ್ಗೆ ಕೊಳವೆಯನ್ನು ಬೆಳಕಿಗೆ ಹಿಡಿದಾಗ ಮೋಡ ತೆಳ್ಳಗೇ ಇತ್ತು. "ಸ್ವಲ್ಪ ತಡ್ಕೊಳ್ಳಿ," ಎಂದು ಅವಕ್ಕೆ ಹೇಳಿ, ಕೊಳವೆಯನ್ನು ಸ್ಟ್ಯಾಂಡಿನಲ್ಲಿಟ್ಟು, ಪೆಟ್ಟಿಗೆಯ ಬಾಗಿಲು ಮುಚ್ಚಿದಳು.