ನಾಲ್ಕನೆಯ ಮೇಜಿನ ಖಾಲಿ ಜಾಗ

ಬೆಳಗಿನ ಐದೂಕಾಲು. ವೈದ್ಯಕೀಯ ಕಾಲೇಜಿನ ಹಿಂಬದಿಯ ಕಟ್ಟಡದಲ್ಲಿ ಒಂದೇ ಒಂದು ಕೋಣೆಯಲ್ಲಿ ದೀಪ ಉರಿಯುತ್ತಿದೆ. ಎತ್ತರದ ಕಿಟಕಿಗಳ ಉದ್ದನೆಯ ಡಿಸೆಕ್ಷನ್ ಹಾಲ್. ಎಂಟು ಕಲ್ಲಿನ ಮೇಜುಗಳು, ಪ್ರತಿ ಮೇಜಿನ ಕೆಳಗೂ ಮುಚ್ಚಳ ಬಿಗಿದ ಒಂದು ನೀಲಿ ಡಬ್ಬಿ. ನಾಲ್ಕನೆಯ ಮೇಜಿನ ಪಕ್ಕದಲ್ಲಿ ಐವತ್ತೇಳು ವರ್ಷದ ಅಟೆಂಡರ್ ಕಣ್ಣು ಮುಚ್ಚಿ ನಿಂತಿದ್ದಾರೆ. ಹೊದಿಕೆ ತೆಗೆಯುವ ಮೊದಲು ಹೀಗೆ ಒಂದು ಗಳಿಗೆ ನಿಲ್ಲುವುದು ಅವರ ಮೂವತ್ತೊಂದು ವರ್ಷಗಳ ರೂಢಿ. "ಅಪ್ಪಣೆ ಕೇಳ್ಬೇಕಲ್ಲ," ಎನ್ನುತ್ತಾರೆ. "ದೇವರು ಕಟ್ಟಿದ ಮನೆ. ನಾವು ಬಾಗಿಲು ತೆಗೀತಿರೋದು ಅಷ್ಟೇ."

ಇವತ್ತು ಮೊದಲ ವರ್ಷದವರಿಗೆ ಪ್ರಾಯೋಗಿಕ ಪರೀಕ್ಷೆ. ಹತ್ತು ಗಂಟೆಗೆ ಹೊರಗಿನ ಪರೀಕ್ಷಕರು ಈ ಮೇಜಿನ ಮುಂದೆ ಬಂದು ನಿಲ್ಲುತ್ತಾರೆ. ಅಷ್ಟರೊಳಗೆ ಎರಡು ಮೂತ್ರಪಿಂಡಗಳು, ಅವುಗಳ ನೆತ್ತಿಯ ಮೇಲಿನ ಅಡ್ರಿನಲ್ ಗ್ರಂಥಿಗಳು, ನಡುವೆ ಇಳಿಯುವ ದೊಡ್ಡ ರಕ್ತನಾಳಗಳು ಎಲ್ಲವೂ ಬಿಡಿಸಿ ಇಟ್ಟಂತೆ ಕಾಣಬೇಕು. ಮೇಜಿನ ಮೇಲಿರುವ ದೇಹ ಎಪ್ಪತ್ತು ದಾಟಿದ ಹೆಂಗಸಿನದು. ಬದುಕಿದ್ದಾಗಲೇ ದೇಹವನ್ನು ಕಾಲೇಜಿಗೆ ಬರೆದುಕೊಟ್ಟು ಹೋದವರು. ಅಟೆಂಡರ್ ಬಾಯಲ್ಲಿ ಅವರು ಅಜ್ಜಿ.

ಹೊಟ್ಟೆಗೊಂದು ಹಿಂದಿನ ಕೋಣೆ ಇದೆ ಎಂದು ಅಟೆಂಡರ್ ಹುಡುಗರಿಗೆ ಹೇಳಿಕೊಡುತ್ತಾರೆ. "ಮುಂದಿನ ಕೋಣೇಲಿ ಕರುಳು, ಜಠರ. ಗಲಾಟೆ ಸಂಸಾರ. ಅದರ ಹಿಂದೆ ಒಂದು ತೆಳು ಪರದೆ. ಪರದೆ ಆಚೆ ಬೆನ್ನಿಗೆ ಒರಗಿಕೊಂಡು, ಕೊಬ್ಬಿನ ಕಂಬಳಿ ಹೊದ್ದುಕೊಂಡು ಇವರು, ಈ ಕಿಡ್ನಿಗಳು, ಕೂತಿರ್ತಾರೆ. ಬಲಗಡೆಯವರು ಒಂದಿಷ್ಟು ಕೆಳಗೆ. ಮೇಲೆ ಯಕೃತ್ತು ಜಾಗ ಹಿಡಿದಿದೆಯಲ್ಲ, ಸರಿದು ಕೂರಬೇಕು. ಸದ್ದೇ ಇಲ್ಲ. ಇದ್ದಾರೆ ಅಂತ ನಮಗೆ ಗೊತ್ತಾಗೋದು ಅವರು ಮುನಿಸಿಕೊಂಡಾಗಲೇ."

ಹೊಟ್ಟೆಯ ಈ ಹಿಂದಿನ ಕೋಣೆಯಲ್ಲಿ ಅವರು ಅಲಗು ಬಳಸುವುದಿಲ್ಲ. ಸ್ಕಾಲ್ಪೆಲ್ಲನ್ನು ತಿರುಗಿಸಿ ಹಿಡಿದು ಅದರ ಮೊಂಡು ಹಿಡಿಯಿಂದ, ಉಳಿದದ್ದು ಹೆಬ್ಬೆರಳಿನಿಂದ. ಕೊಬ್ಬು ಬೆರಳ ಕೆಳಗೆ ಪುಡಿಪುಡಿಯಾಗಿ ಬಿಡುತ್ತದೆ. ಗ್ರಂಥಿ ಮಾತ್ರ ಮಡಚಿದ ಬಟ್ಟೆಯ ಅಂಚಿನಂತೆ ತಡೆಯುತ್ತದೆ. ಆ ತಡೆ ತಿಳಿಯದವನು ಗ್ರಂಥಿಯನ್ನೂ ಕೊಬ್ಬೆಂದು ಎಸೆಯುತ್ತಾನೆ. ಬಲಗಡೆಯ ಗ್ರಂಥಿ ಮುಕ್ಕೋನದ ಟೋಪಿ, ಮಹಾಸಿರೆಯ ಹಿಂದೆ ಅರ್ಧ ಅಡಗಿದೆ. ಅದರ ಸಿರೆ ಉಗುರಿನಷ್ಟೂ ಉದ್ದವಿಲ್ಲ. "ಇಲ್ಲಿ ಒಂದು ಕೆಮ್ಮು ಬಂದ್ರೆ ಕಥೆ ಮುಗೀತು," ಎನ್ನುತ್ತ ಉಸಿರು ಹಿಡಿದು ಅದನ್ನು ಬಿಡಿಸಿ, ಗುರುತಿಗೆ ಬಿಳಿ ದಾರ ಸುತ್ತುತ್ತಾರೆ. ಆರು ಇಪ್ಪತ್ತಕ್ಕೆ ಬಲಗಡೆ ಮುಗಿಯುತ್ತದೆ. ಬಲ ಮೂತ್ರಪಿಂಡ ವಯಸ್ಸಿಗೆ ಮೀರಿ ದೊಡ್ಡದಿದೆ. ಅವರು ಹುಬ್ಬು ಗಂಟಿಕ್ಕಿ ಅದನ್ನು ನೋಡಿ ಎಡಕ್ಕೆ ತಿರುಗುತ್ತಾರೆ.

ಎಡಗಡೆಯ ಗ್ರಂಥಿ ಸಲೀಸಾಗಿ ಸಿಗುತ್ತದೆ, ಅರ್ಧಚಂದ್ರದಂತೆ, ತನ್ನ ಜಾಗದಲ್ಲೇ. ಅದಕ್ಕೂ ದಾರ ಬೀಳುತ್ತದೆ. ಅದರ ಕೆಳಗೆ ಹೆಬ್ಬೆರಳು ಇಳಿಯುತ್ತದೆ. ಒಣಗಿದ ಗೋಂದಿನಂಥ ಗಟ್ಟಿ ಪದರ. ದೊಡ್ಡ ಕರುಳಿನ ಬಾಗು ಒಂದು ತಗ್ಗಿಗೆ ಇಳಿದು ಕೂತಿದೆ. ಅದನ್ನು ಎತ್ತಿದರೆ ಬೆನ್ನಿನ ಸ್ನಾಯು. ನಡುವೆ ಏನೂ ಇಲ್ಲ.

ಕೆಲವರಲ್ಲಿ ಮೂತ್ರಪಿಂಡ ಹುಟ್ಟಿನಿಂದಲೇ ಕೆಳಗೆ ಸೊಂಟದ ಗುಳಿಯಲ್ಲಿ ಕೂತಿರುತ್ತದೆ. ಅಲ್ಲಿ ಹುಡುಕುತ್ತಾರೆ. ಇಲ್ಲ. ಬೆನ್ನುಮೂಳೆಯ ಮೇಲೆ ಹುಡುಕುತ್ತಾರೆ. ಅಲ್ಲೂ ಇಲ್ಲ. ಗೋಡೆಯ ಗಡಿಯಾರ ಏಳಕ್ಕೆ ಹತ್ತು ನಿಮಿಷ ತೋರಿಸುತ್ತಿದೆ. ಅವರ ಕೈಗವಸಿನೊಳಗೆ ಬೆರಳುಗಳು ಬೆವರುತ್ತಿವೆ.

ಬೆವರಲು ಕಾರಣವಿದೆ. ಹೋದ ವರ್ಷ ಇನ್ನೊಂದು ಕಾಲೇಜಿನಲ್ಲಿ ನೌಕರರು ಮೂಳೆ ಮಾರಿ ಸಿಕ್ಕಿಬಿದ್ದರು. ಆಮೇಲೆ ಇಲ್ಲೂ ಒಂದು ನಿಯಮ ಬಂತು: ದೇಹದ ಹೊಸ ಭಾಗ ತೆರೆಯುವಾಗ ಇಬ್ಬರು ಇರಬೇಕು. ಜೊತೆಗಾರ ಜ್ವರವೆಂದು ಮಲಗಿದ್ದಾನೆ. ಮುಂಜಾನೆ ಐದಕ್ಕೆ ಬೇರೆ ಯಾರು ಬರುತ್ತಾರೆ? ಡಿಸೆಕ್ಷನ್ ಹಾಲ್ ಬೀಗದಕೈ ಇರುವುದು ಇವರ ಸೊಂಟದಲ್ಲಿ ಮಾತ್ರ. ಪರದೆ ತೆರೆದವರೂ ಇವರೊಬ್ಬರೇ. ದೇಹ ಬಂದ ದಿನ ರಿಜಿಸ್ಟರಿನಲ್ಲಿ, ಹಿಂದೆ ಆದ ಆಪರೇಷನ್ ಎಂಬಲ್ಲಿ, 'ಯಾವುದೂ ಇಲ್ಲ' ಎಂದು ಅಜ್ಜಿಯ ಮಗಳೇ ಬರೆಸಿದ್ದಾರೆ. ಅಂದಮೇಲೆ ಎಡ ಮೂತ್ರಪಿಂಡ ಎಲ್ಲಿ ಎಂದು ಕೇಳಿದರೆ ಉತ್ತರ ಹೇಳಬೇಕಾದವರು ಒಬ್ಬರೇ.

ಅವರು ಕೊಬ್ಬು ಮುಚ್ಚಿ ಸುಮ್ಮನಾಗುವುದಿಲ್ಲ. ಕೈ ತೊಳೆದು ವಿಭಾಗದ ಮುಖ್ಯಸ್ಥೆಗೆ ತಾವೇ ಫೋನ್ ಮಾಡುತ್ತಾರೆ. "ಮೇಡಂ, ನಾಲ್ಕನೇ ಮೇಜಲ್ಲಿ ಎಡಗಡೆ ಕಿಡ್ನಿ ಇಲ್ಲ. ಸ್ವಲ್ಪ ಬೇಗ ಬನ್ನಿ."

ಈ ಕೆಲಸಕ್ಕೆ ಬಂದಾಗ ಅವರಿಗೆ ಇಪ್ಪತ್ತಾರು. ನೆಲ ಒರೆಸಲು ಸೇರಿದವರು ನೋಡುತ್ತ ನೋಡುತ್ತ ಕಲಿತರು. ಇದುವರೆಗೆ ಅವರ ಕೈ ಹಾಯ್ದ ದೇಹಗಳು ಮುನ್ನೂರು ಚಿಲ್ಲರೆ. ದೇಹ ಕೆಡದಂತಿಡುವ ಫಾರ್ಮಲಿನ್ ಘಾಟಿಗೆ ಕಣ್ಣು ಸದಾ ಕೆಂಪು. ಬಸ್ಸಿನಲ್ಲಿ ಪಕ್ಕ ಕೂತವರು ಮೂಗು ಮುಚ್ಚಿ ಎದ್ದುಹೋಗುತ್ತಾರೆ. "ಒಳ್ಳೇದೇ ಆಯ್ತು, ಸೀಟು ಪೂರ್ತಿ ನಂದೇ," ಎಂದು ನಗುತ್ತಾರೆ. ಹೆಂಡತಿ ಬಚ್ಚಲಲ್ಲಿ ಅವರಿಗೆಂದೇ ಬೇರೆ ಸೋಪು ಇಟ್ಟಿದ್ದಾಳೆ. ಮಗಳಿಗೆ ಗಂಡು ನೋಡುವಾಗ ಕಾಲೇಜಿನಲ್ಲಿ ಕೆಲಸ ಎಂದಷ್ಟೇ ಹೇಳಿದ್ದರು. ಮದುವೆಯಾಗಿ ಆರು ವರ್ಷವಾದರೂ ಅಳಿಯ ಅವರನ್ನು ಲೈಬ್ರರಿಯವರು ಎಂದೇ ತಿಳಿದಿದ್ದಾನೆ.

ವಿದ್ಯಾರ್ಥಿಗಳು ಅವರಿಗಿಟ್ಟ ಹೆಸರು ಡಬ್ಬಿ ಮಾಮ. ಮೇಜಿನ ಕೆಳಗಿನ ನೀಲಿ ಡಬ್ಬಿಗಳು ಅವರದೇ ಕಟ್ಟಳೆ. ದೇಹದಿಂದ ಬೇರೆಯಾದ ಚೂರು ಚರ್ಮವನ್ನೂ ಬಟ್ಟೆಯಲ್ಲಿ ಕಟ್ಟಿ, ಯಾವ ಭಾಗ, ಯಾವ ದಿನ ಎಂದು ಚೀಟಿ ಬರೆದು ಅದೇ ದೇಹದ ಡಬ್ಬಿಗೆ ಹಾಕುತ್ತಾರೆ. ವರ್ಷದ ಕೊನೆಗೆ ಎಲ್ಲವೂ ಒಟ್ಟಿಗೆ ಮನೆಯವರ ಕೈ ಸೇರಬೇಕು. "ಮಾಮ, ನನ್ನ ಉಗುರು ಇಲ್ಲೇ ಬಿತ್ತು, ಡಬ್ಬಿಗೆ ಹಾಕ್ಲಾ?" ಎಂದು ಹುಡುಗರು ಚುಡಾಯಿಸುತ್ತಾರೆ. "ನಿಂಗೂ ಒಂದು ಡಬ್ಬಿ ತೆಗೆದಿಡ್ತೀನಿ, ಅವಸರ ಮಾಡ್ಬೇಡ," ಎಂದು ಇವರು.

ಆ ಕಟ್ಟಳೆಯ ಹಿಂದೆ ಒಂದು ತಪ್ಪಿದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಇಂಥದೇ ಪರೀಕ್ಷೆಯ ಬೆಳಿಗ್ಗೆ ಕೊಬ್ಬಿನ ಜೊತೆ ಎಡ ಅಡ್ರಿನಲ್ಲನ್ನೂ ಕಿತ್ತು ಬಕೆಟ್ಟಿಗೆ ಎಸೆದಿದ್ದರು. "ಪರೀಕ್ಷಕರು ಒಬ್ಬ ಹುಡುಗಿಗೆ 'ಎಡ ಅಡ್ರಿನಲ್ ತೋರಿಸು' ಅಂದ್ರು. ಇದ್ರೆ ತಾನೆ ತೋರಿಸೋದು? ಪಾಪ, ತನಗೇ ಗೊತ್ತಿಲ್ಲ ಅನ್ಕೊಂಡು ಅತ್ತುಬಿಟ್ಲು. ಫೇಲಾದ್ಲು. ನಾನು ಇದೇ ಕಂಬದ ಪಕ್ಕ ನಿಂತಿದ್ದೆ. ಬಾಯಿ ಬಿಡಲಿಲ್ಲ." ಹೇಳುವಾಗ ಅವರ ಕಣ್ಣು ಆ ಕಂಬದ ಕಡೆ ಹೋಗುವುದಿಲ್ಲ.

ಎಂಟು ಗಂಟೆಗೆ ಮುಖ್ಯಸ್ಥೆ ಬರುತ್ತಾರೆ. ಈ ಕಾಲೇಜಿಗೆ ಬಂದು ಆರು ತಿಂಗಳಾದವರು. ರಿಜಿಸ್ಟರ್ ತೆರೆದು, ಎಡ ಮೂತ್ರಪಿಂಡ ಎಂಬುದರ ಮುಂದೆ 'ಇಲ್ಲ' ಎಂದು ಬರೆಯುತ್ತಾರೆ. ಅಜ್ಜಿಯ ಮಗಳಿಗೆ ಫೋನ್ ಮಾಡಿ, ತಾಯಿಗೆ ಏನಾದರೂ ಆಪರೇಷನ್ ಆಗಿತ್ತೇ ಎಂದು ಕೇಳುತ್ತಾರೆ. "ಇಲ್ಲವಲ್ಲ ಮೇಡಂ. ನನ್ನ ಹೆರಿಗೆ ಬಿಟ್ರೆ ಅಮ್ಮ ಆಸ್ಪತ್ರೆ ಮೆಟ್ಟಿಲೇ ಹತ್ತಿದವರಲ್ಲ. ಯಾಕೆ? ಏನಾಯ್ತು?" ಆ ದನಿ ಹಾಲ್ ತುಂಬ ಕೇಳಿಸುತ್ತದೆ. ಆಮೇಲೆ ಹೇಳುತ್ತೇನೆ ಎಂದು ಮುಖ್ಯಸ್ಥೆ ಫೋನ್ ಇಡುತ್ತಾರೆ.

"ನೀವೊಬ್ಬರೇ ತೆರೆದ್ರಾ?"

"ಹೌದು ಮೇಡಂ. ತಪ್ಪೇ."

ಮುಖ್ಯಸ್ಥೆ ಕೆಟ್ಟವರಲ್ಲ. ಸ್ವಲ್ಪ ಹೊತ್ತು ಮೇಜಿನ ಸುತ್ತ ನಡೆದು ದನಿ ತಗ್ಗಿಸುತ್ತಾರೆ. "ನೋಡಿ, ಹುಟ್ಟಿನಿಂದಲೇ ಒಂದು ಕಿಡ್ನಿ ಇಲ್ಲದವರು ಇರ್ತಾರೆ. ಬಲಗಡೇದು ದೊಡ್ಡದಾಗಿದೆ, ಅದಕ್ಕೂ ಹೊಂದುತ್ತೆ. ಹಾಗಂತ ಬರೆದುಬಿಡೋಣ. ನಿಮಗೂ ಒಳ್ಳೇದು, ಕಾಲೇಜಿಗೂ ಒಳ್ಳೇದು."

ಒಂದು ಸಹಿ, ಎಲ್ಲ ಮುಗಿಯುತ್ತದೆ. ಅಟೆಂಡರ್ ಎಡಗಡೆಯ ಗ್ರಂಥಿಗೆ ಸುತ್ತಿದ ಬಿಳಿ ದಾರವನ್ನೇ ನೋಡುತ್ತ ನಿಲ್ಲುತ್ತಾರೆ.

"ಹಾಗಿಲ್ಲ ಮೇಡಂ. ಹುಟ್ಟಿನಿಂದಲೇ ಕೆಳಗೆ ಕಿಡ್ನಿ ಇಲ್ಲದಿದ್ರೆ ಈ ಗ್ರಂಥಿ ಚಪ್ಪಟೆ ಆಗಿ ಮಲಗಿಬಿಡುತ್ತೆ. ಅಂಥದ್ದು ಎರಡು ನೋಡಿದ್ದೀನಿ. ಇದು ನೋಡಿ, ಅರ್ಧಚಂದ್ರ. ಕಿಡ್ನಿ ಭುಜಕ್ಕೆ ಒರಗಿಕೊಂಡು ಬೆಳೆದದ್ದು. ಇಲ್ಲಿ ಒಂದು ಕಿಡ್ನಿ ಇತ್ತು."

"ಇತ್ತು ಅಂತ ನೀವೇ ಹೇಳಿದ್ರೆ, ಈಗ ಎಲ್ಲಿ ಅಂತ ನಾನು ಕೇಳ್ಬೇಕಾಗುತ್ತೆ. ಅರ್ಥ ಆಗ್ತಿದೆಯಾ?"

"ಆಗ್ತಿದೆ."

"ಮತ್ತೆ?"

"ಮೊದಲೊಂದ್ಸಲ ಸುಮ್ಮನಿದ್ದೆ ಮೇಡಂ. ಇನ್ನೊಂದ್ಸಲ ಆಗಲ್ಲ. ಒಂಬತ್ತರವರೆಗೆ ಟೈಮ್ ಕೊಡಿ."

ಎಂಟೂ ಇಪ್ಪತ್ತೈದಕ್ಕೆ ನಾಲ್ಕನೆಯ ಮೇಜಿನ ಡಬ್ಬಿ ಹೊರಗೆ ಬರುತ್ತದೆ. ಏಳು ತಿಂಗಳ ಗಂಟುಗಳು. ಕೈ, ಎದೆ, ಕುತ್ತಿಗೆ. ಅವರು ಹುಡುಕುತ್ತಿರುವುದು ಬೆನ್ನಿನ ಎಡಭಾಗದ ಚರ್ಮ. ಮೊದಲ ತಿಂಗಳಲ್ಲೇ ವಿದ್ಯಾರ್ಥಿಗಳು ಬಿಡಿಸಿ ತೆಗೆದದ್ದು ಅದು, ಅಂದರೆ ಡಬ್ಬಿಯ ತಳದಲ್ಲಿರಬೇಕು. ಮುಖ್ಯಸ್ಥೆ ಕೈ ಕಟ್ಟಿ ನೋಡುತ್ತಿದ್ದಾರೆ. ಗಂಟು ಸಿಗುತ್ತದೆ. ಬಿಚ್ಚಿದರೆ ಒಳಗೆ ಹನ್ನೊಂದು ತುಂಡು. ಕಲಿಯುವವರ ಕೈ, ಅಡ್ಡಾದಿಡ್ಡಿ ಕೊಯ್ದಿದ್ದಾರೆ. ಫಾರ್ಮಲಿನ್ನಿಗೆ ಎಲ್ಲ ಸುಕ್ಕುಗಟ್ಟಿ ಚರ್ಮದ ತುಂಬ ಗೆರೆಗಳೇ.

ಹರಿದ ಕಾಗದವನ್ನು ಕೂಡಿಸುವಂತೆ ಅವರು ತುಂಡುಗಳನ್ನು ಗೋಡೆ ಬದಿಯ ಸಣ್ಣ ಖಾಲಿ ಮೇಜಿನ ಮೇಲೆ ಹಾಸುತ್ತಾರೆ. ಅಂಚಿಗೆ ಅಂಚು ಕೂಡುವುದಿಲ್ಲ. ತಿರುಗಿಸುತ್ತಾರೆ, ಮತ್ತೆ ಇಡುತ್ತಾರೆ. ಎಂಟೂ ಮುಕ್ಕಾಲು. ಹೊರಗೆ ವಿದ್ಯಾರ್ಥಿಗಳ ಸದ್ದು ಶುರುವಾಗಿದೆ. ಒಂದೊಂದು ತುಂಡನ್ನೂ ಕಣ್ಣು ಮುಚ್ಚಿ ಬೆರಳಿನಿಂದ ಸವರುತ್ತ ಬರುತ್ತಾರೆ. ಆರನೆಯ ತುಂಡಿನ ಮೇಲೆ ಬೆರಳು ನಿಲ್ಲುತ್ತದೆ. ಹಿಂದಕ್ಕೆ ಹೋಗುತ್ತದೆ. ಮತ್ತೆ ಅಲ್ಲೇ ನಿಲ್ಲುತ್ತದೆ.

"ಮೇಡಂ, ಇಲ್ಲಿ ಕೈ ಇಡಿ."

ಸುಕ್ಕಲ್ಲ ಅದು. ಸುಕ್ಕು ಒತ್ತಿದರೆ ಹರಡುತ್ತದೆ, ಇದು ಹರಡುವುದಿಲ್ಲ. ಪಕ್ಕಕ್ಕೆ ಒಂಬತ್ತನೆಯ ತುಂಡು ತಂದಿಟ್ಟಾಗ ಗೆರೆ ಮುಂದುವರಿಯುತ್ತದೆ. ಕೊನೆಯ ಪಕ್ಕೆಲುಬಿನ ಗುಂಟ ಓರೆಯಾಗಿ ಮುಂದಕ್ಕೆ ಬರುವ, ಗೇಣುದ್ದದ, ನಯವಾದ ಬಿಳಿ ಗೆರೆ. ಎರಡೂ ಬದಿಗೆ ಹೊಲಿಗೆಯ ಸಣ್ಣ ಚುಕ್ಕೆಗಳು.

"ನಾನು ಕದ್ದಿದ್ರೆ ಕೊಯ್ದಿರ್ತಿದ್ದೆ," ಎನ್ನುತ್ತಾರೆ ಅಟೆಂಡರ್. ಬೆರಳು ಇನ್ನೂ ಗೆರೆಯ ಮೇಲೇ ಇದೆ. "ಆದ್ರೆ ಸತ್ತ ಮೈಯಲ್ಲಿ ಗಾಯ ಮಾಯೋದಿಲ್ಲ ಮೇಡಂ. ಇದು ಮಾಯ್ದು ಎಷ್ಟೋ ವರ್ಷ ಆಗಿದೆ."

ಮುಖ್ಯಸ್ಥೆ ಕೈಗವಸು ಹಾಕಿಕೊಳ್ಳುತ್ತಾರೆ. ಇಬ್ಬರೂ ನಾಲ್ಕನೆಯ ಮೇಜಿನ ಮೇಲೆ ಬಗ್ಗುತ್ತಾರೆ. ಅಟೆಂಡರ್ ಬೆಳಕು ಹಿಡಿಯುತ್ತಾರೆ, ಮುಖ್ಯಸ್ಥೆ ಗೋಂದಿನಂಥ ಪದರವನ್ನು ಮಹಾಪಧಮನಿಯ ಅಂಚಿನಿಂದ ಎಳೆಎಳೆಯಾಗಿ ಬಿಡಿಸುತ್ತಾರೆ. ಒಂಬತ್ತೂ ಹತ್ತಕ್ಕೆ, ತುಂಡಾಗಿ ನಿಂತ ಎಡ ಮೂತ್ರಪಿಂಡದ ಅಪಧಮನಿಯ ತುದಿಯಲ್ಲಿ, ಮಾಂಸದೊಳಗೆ ಹುದುಗಿದ ಒಂದು ಕಪ್ಪು ರೇಷ್ಮೆ ಗಂಟು ಕಾಣುತ್ತದೆ. ಅಚ್ಚುಕಟ್ಟಾದ ಗಂಟು. ಒಂದು ಮೂತ್ರಪಿಂಡವನ್ನು ಜೋಪಾನವಾಗಿ ತೆಗೆದು ಇನ್ನೊಬ್ಬರಿಗೆ ಕೊಡುವವರು ಹಾಕುವಂಥದು. ಪಕ್ಕದ ಗ್ರಂಥಿಗೆ ಒಂದು ಗೀರೂ ತಾಗಿಲ್ಲ.

ಮಗಳಿಗೆ ಮತ್ತೆ ಫೋನ್ ಹೋಗುತ್ತದೆ. ಬೆನ್ನಿನ ಎಡಗಡೆ ಗಾಯದ ಗುರುತು ಇತ್ತೇ? "ಅದಾ? ಅದು ಚಿಕ್ಕವರಿದ್ದಾಗ ಬೇಲಿ ತಂತಿ ಗೀರಿದ್ದು ಅಂತಿದ್ರು," ಎಂದು ಮಗಳು. ಮುಖ್ಯಸ್ಥೆ ವಿಷಯ ಹೇಳುತ್ತಾರೆ. ಮಗಳು ಅದನ್ನು ಎರಡು ಸಲ ಹೇಳಿಸಿಕೊಳ್ಳುತ್ತಾರೆ. ಆಮೇಲೆ: "ನಮ್ಮ ಸೋದರಮಾವನಿಗೆ ಎರಡೂ ಕಿಡ್ನಿ ಹೋಗಿತ್ತಂತೆ. ನನಗಾಗ ಮೂರು ವರ್ಷ. ಅಮ್ಮ ಒಂದು ತಿಂಗಳು ತವರಲ್ಲಿದ್ರು. ಅಪ್ಪನ ಮನೇಲಿ ಒಪ್ಪೋರೇ ಅಲ್ಲ, ಅದಕ್ಕೇ... ಮಾವ ಈಗಲೂ ಇದ್ದಾರೆ ಮೇಡಂ. ನಿನ್ನೆ ತಾನೆ ನಮ್ಮನೇಗೆ ಬಂದು ಊಟ ಮಾಡಿ ಹೋದ್ರು."

ಹತ್ತು ಗಂಟೆಗೆ ಪರೀಕ್ಷೆ ನಡೆಯುತ್ತದೆ. ಹೊರಗಿನ ಪರೀಕ್ಷಕರು ನಾಲ್ಕನೆಯ ಮೇಜಿನ ಬಳಿ ಬಂದಾಗ ಮುಖ್ಯಸ್ಥೆಯೇ ಮುಂದೆ ನಿಂತು ಎಡಗಡೆಯ ವಿಷಯ ವಿವರಿಸುತ್ತಾರೆ. ಗಾಬರಿಯಾಗಿದ್ದ ಹುಡುಗನೊಬ್ಬ ದಾರ ಸುತ್ತಿದ ಅರ್ಧಚಂದ್ರವನ್ನು ಚಿಮಟದಿಂದ ಮುಟ್ಟಿ, "ಎಡ ಅಡ್ರಿನಲ್, ಸರ್," ಎನ್ನುತ್ತಾನೆ. ಕಂಬದ ಪಕ್ಕ ನಿಂತ ಅಟೆಂಡರ್ ತುಟಿ ಅಲುಗುತ್ತದೆ. ಪ್ರಾರ್ಥನೆಯೋ ಏನೋ, ಕೇಳಿಸುವುದಿಲ್ಲ.

ಮಧ್ಯಾಹ್ನ ಹಾಲ್ ಖಾಲಿಯಾದ ಮೇಲೆ ಅವರು ಹನ್ನೊಂದು ತುಂಡುಗಳನ್ನೂ ಬಟ್ಟೆಗೆ ಕಟ್ಟುತ್ತಾರೆ. ಆರನೆಯದನ್ನೂ ಒಂಬತ್ತನೆಯದನ್ನೂ ಒಂದರ ಪಕ್ಕ ಒಂದು ಇಟ್ಟು ಬೇರೆ ಗಂಟು ಮಾಡಿ ಡಬ್ಬಿ ಮುಚ್ಚುತ್ತಾರೆ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ. ಆದರೂ ಹೊರಡದೆ ಮುಖ್ಯಸ್ಥೆಯ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾರೆ.

"ಇನ್ನೇನು? ಒಬ್ಬರೇ ತೆರೆದದ್ದಕ್ಕೆ ಮೆಮೊ ಕೊಡ್ಬೇಕಾ?" ಎಂದು ಮುಖ್ಯಸ್ಥೆ ಇವತ್ತು ಮೊದಲ ಬಾರಿಗೆ ನಗುತ್ತಾರೆ.

"ಅದು ಕೊಡಿ ಮೇಡಂ, ತಗೋತೀನಿ. ಇನ್ನೊಂದು ಮಾತಿತ್ತು. ರಿಜಿಸ್ಟರಲ್ಲಿ ಎಡಗಡೇದಕ್ಕೆ 'ಇಲ್ಲ' ಅಂತ ಬರೆದಿದ್ದೀರಿ. ನಾಳೆ ಯಾರಾದ್ರೂ ಓದಿದ್ರೆ, ಅಜ್ಜಿಗೇ ಏನೋ ಕಮ್ಮಿ ಇತ್ತು ಅನ್ಕೋತಾರೆ." ಅವರು ತೊಳೆದು ತೊಳೆದು ಬೆಳ್ಳಗಾದ ಬೆರಳುಗಳನ್ನು ಒಂದರೊಳಗೊಂದು ಹೆಣೆದುಕೊಳ್ಳುತ್ತಾರೆ. "'ಕೊಟ್ಟಿದ್ದಾರೆ' ಅಂತ ಬರೀಬಹುದಾ?"